ಭಾನುವಾರ ನಾನು ಎತ್ತದ ಫೋನುಗಳು

ನಮ್ಮ ಟಿವಿ ಸ್ಟೇಷನ್ ಸ್ಯಾನ್ ಹೊಸೆಯ ಒಂದು ಟೈರ್ ಅಂಗಡಿಯ ಹಿಂದೆ ಇತ್ತು. ಟಿವಿ ಸ್ಟೇಷನ್ ಎಂದರೆ ಗಾಜಿನ ಕಟ್ಟಡ, ಬಾಗಿಲಲ್ಲಿ ಕಾವಲುಗಾರ, ಮುಖಕ್ಕೆ ಪೌಡರ್ ಹಚ್ಚುವವರು ಎಂದು ಕಲ್ಪಿಸಿಕೊಂಡವರು ದಯವಿಟ್ಟು ಅದನ್ನೆಲ್ಲ ತಲೆಯಿಂದ ತೆಗೆದುಬಿಡಿ. ನಮ್ಮಲ್ಲಿದ್ದದ್ದು ಎರಡು ಕೋಣೆ, ಅವುಗಳ ನಡುವೆ ಗಾಜಿನ ಕಿಟಕಿ, ಛಾವಣಿಯ ಮೇಲೆ ಎರಡು ಡಿಶ್, ಟೈರಿನವರ ಜೊತೆ ಹಂಚಿಕೊಂಡ ಒಂದು ಬಾತ್‌ರೂಮು. ಯಾರಾದರೂ ಟೈರಿಗೆ ಗಾಳಿ ತುಂಬಿಸಿದರೆ ನಮ್ಮ ಮೈಕಿನಲ್ಲಿ ಕೇಳಿಸುತ್ತಿತ್ತು.

ಟಿವಿ, ವಿಡಿಯೋ ಕೆಲಸಗಳಿಗೆ ಸೇರುತ್ತಿರುವ ನಮ್ಮ ಮಕ್ಕಳಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದು ಕನ್ನಡ ಕೂಟದ ಸಂಚಿಕೆಯವರು ಕೇಳಿದರು. ನಾನು ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿ, ಮಂಡಿ ಮೊಹಲ್ಲಾದಲ್ಲಿ ರೇಡಿಯೋ ಟಿವಿ ರಿಪೇರಿ ಮಾಡಿಕೊಂಡಿದ್ದವನು. ಉಪದೇಶ ಮಾಡುವಷ್ಟು ದೊಡ್ಡವನಲ್ಲ. ಆದರೆ ಬರೆಯಲು ಒಪ್ಪಿಕೊಂಡದ್ದಕ್ಕೆ ಬೇರೆ ಕಾರಣವಿದೆ. ಆ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ಪ್ರತಿ ಭಾನುವಾರ ಕ್ಯಾಮೆರಾ ಮುಂದೆ ಕುಳಿತು ಕನ್ನಡದಲ್ಲಿ ಮಾತಾಡುತ್ತಿದ್ದರು. ತಮ್ಮನ್ನು ಯಾರೂ ನೋಡುತ್ತಿಲ್ಲ ಎಂದು ನಂಬಿಕೊಂಡೇ ಅವರು ಮನೆಗೆ ಹೋದರು. ನೋಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಅದನ್ನು ಬಿಟ್ಟು ಬೇರೆಲ್ಲ ಬರೆದರೆ ಅದು ಅನುಭವವಾಗುವುದಿಲ್ಲ, ಜಂಬವಾಗುತ್ತದೆ.

ಮೊದಲು ಕೆಲಸದ ವಿಷಯ. ಹೆಂಡತಿಯ ಅಣ್ಣ ಕರೆಸಿಕೊಂಡಿದ್ದರಿಂದ ನಾವು ಈ ದೇಶಕ್ಕೆ ಬಂದೆವು. ನನಗೆ ಸಿಕ್ಕಿದ್ದು ಸ್ಟೇಷನ್ನಿನ ಮುಂದಿದ್ದ ಆ ಟೈರ್ ಅಂಗಡಿಯ ಕೆಲಸ. ಒಂದು ದಿನ ಹಿಂದಿನ ಕೋಣೆಯಿಂದ ಟೋನಿ ಎಂಬ ದಪ್ಪ ಮನುಷ್ಯ ಹೊಗೆ ಬರುತ್ತಿದ್ದ ಟಿವಿಯೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಿಬಂದು ನಮ್ಮ ನೀರಿನ ತೊಟ್ಟಿಗೆ ಹಾಕಲು ಹೋದ. ನಾನು ತಡೆದು, ಪ್ಲಗ್ ಕಿತ್ತಾಗಿದೆಯಲ್ಲ, ಸುಮ್ಮನೆ ಕೆಳಗಿಡು ಎಂದೆ. ಅವನೇ ಸ್ಟೇಷನ್ನಿನ ಮಾಲೀಕ, ಇಂಜಿನಿಯರ್, ಜಾಹೀರಾತು ಹುಡುಕುವವನು, ಕಸ ಗುಡಿಸುವವನು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ನನ್ನನ್ನು ಅವನು ಕೇಳಿದ್ದು ಒಂದೇ ಪ್ರಶ್ನೆ: ನಿದ್ದೆ ಮಾಡದೆ ಇಡೀ ದಿನ ಟಿವಿ ನೋಡುತ್ತ ಕೂರಬಲ್ಲೆಯಾ. ಕೂರುತ್ತೇನೆ ಎಂದೆ. ಅದು ನಾನು ಅವನಿಗೆ ಹೇಳಿದ ಮೊದಲ ಸುಳ್ಳು. ಖಲೀಲ್ ಎಂಬ ನನ್ನ ಹೆಸರನ್ನು ಅವತ್ತೇ ಅವನು ಕತ್ತರಿಸಿ ಕಲ್ ಎಂದು ಮಾಡಿಕೊಂಡ.

ನಮ್ಮದು ಕಡಿಮೆ ಶಕ್ತಿಯ ಸ್ಟೇಷನ್. ಪೂರ್ವದ ಗುಡ್ಡದ ಮೇಲೆ ಒಂದು ಪುಟ್ಟ ಟವರು. ಅದು ಕಣ್ಣಿಗೆ ಕಾಣುವ ಬೀದಿಗಳಲ್ಲಿ ನಾವು ಇದ್ದೆವು, ಗುಡ್ಡ ಅಡ್ಡ ಬಂದ ಬೀದಿಗಳಲ್ಲಿ ಇರಲಿಲ್ಲ. ಒಂದೇ ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆಯವರಿಗೆ ಸಿಗುತ್ತಿತ್ತು, ಹಾಲ್‌ನಲ್ಲಿ ಕುಳಿತವರಿಗೆ ಸಿಗುತ್ತಿರಲಿಲ್ಲ. ಒಮ್ಮೆ ಬರ್ಕ್ಲಿಯಿಂದ ಒಬ್ಬ ವಿದ್ಯಾರ್ಥಿ ಫೋನ್ ಮಾಡಿ, ಬಟ್ಟೆ ನೇತುಹಾಕುವ ತಂತಿಯನ್ನು ಕಿಟಕಿಗೆ ಸಿಕ್ಕಿಸಿ ನಿಮ್ಮನ್ನು ಹಿಡಿದಿದ್ದೇನೆ ಎಂದ. ಟೋನಿ ಆ ಹುಡುಗನಿಂದ ತಂತಿಯ ಬಣ್ಣವನ್ನೂ ಕೇಳಿ ತಿಳಿದುಕೊಂಡು, ಟೈರಿನವರಿಗೂ ಸೇರಿಸಿ ಪಿಜ್ಜಾ ತರಿಸಿದ.

ಇನ್ನೊಂದು ತಾಪತ್ರಯವಿತ್ತು. ದೊಡ್ಡ ಸ್ಟೇಷನ್ನುಗಳು ಸ್ವಂತ ಮನೆಯವರಾದರೆ ನಾವು ಬಾಡಿಗೆಯವರು. ದೊಡ್ಡವರಿಗೆ ನಮ್ಮ ಚಾನೆಲ್ ಬೇಕಾದರೆ ನಾವು ಗಂಟುಮೂಟೆ ಕಟ್ಟಿ ಬೇರೆ ನಂಬರಿಗೆ ಹೋಗಬೇಕು. ಪ್ರತಿ ಸಲ ಹೋಗುವ ಮುಂಚೆ, ನಿಮ್ಮ ಟಿವಿಯಲ್ಲಿ ನಮ್ಮನ್ನು ಮತ್ತೆ ಹುಡುಕಿಕೊಳ್ಳಿ ಎಂದು ವಾರಗಟ್ಟಲೆ ತೆರೆಯ ಮೇಲೆ ಬೇಡಿಕೊಳ್ಳುತ್ತಿದ್ದೆವು. ಹಳೆಯ ನಂಬರಿನಲ್ಲಿ ಬೇಡಿಕೊಂಡರೆ ಮಾತ್ರ ಜನಕ್ಕೆ ಗೊತ್ತಾಗುವುದು. ಒಮ್ಮೆ ಟೋನಿ ಅದನ್ನು ಮರೆತು, ಹೊಸ ನಂಬರಿಗೆ ಹೋದ ಮೇಲೆ, ನಾವು ಹೊಸ ನಂಬರಿಗೆ ಹೋಗಿದ್ದೇವೆ ಎಂದು ಹೊಸ ನಂಬರಿನಲ್ಲೇ ಹೇಳಿದ.

ಸ್ವಂತ ಕಾರ್ಯಕ್ರಮ ಮಾಡಿ ದಿನ ತುಂಬಿಸುವ ಶಕ್ತಿ ನಮಗಿರಲಿಲ್ಲ. ಆದ್ದರಿಂದ ಯಾವುದಾದರೂ ನೆಟ್‌ವರ್ಕಿನ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿದ್ದೆವು. ಅವರು ಉಪಗ್ರಹದಿಂದ ದಿನವಿಡೀ ಕಾರ್ಯಕ್ರಮ ಕಳಿಸುತ್ತಾರೆ, ನಾವು ಅದನ್ನು ಊರಿಗೆ ಹಂಚುತ್ತೇವೆ. ನಡುನಡುವೆ ಅವರು ಬಿಡುವು ಕೊಟ್ಟಾಗ ನಮ್ಮ ಊರಿನ ಜಾಹೀರಾತು ಹಾಕಬೇಕು, ಗಂಟೆಗೊಮ್ಮೆ ನಮ್ಮ ಸ್ಟೇಷನ್ನಿನ ಹೆಸರು ತೋರಿಸಬೇಕು, ಮತ್ತೆ ಕರಾರುವಾಕ್ಕಾಗಿ ಅವರಿಗೆ ಸೇರಿಕೊಳ್ಳಬೇಕು. ಆ ಗುಂಡಿ ಒತ್ತುವವನು ನಾನು. ಈಗ ಇದನ್ನೆಲ್ಲ ಕಂಪ್ಯೂಟರೇ ಮಾಡುತ್ತದೆ. ಆಗ ಬೆರಳು ಮಾಡುತ್ತಿತ್ತು, ಬೆರಳಿನ ಹಿಂದೆ ಇದ್ದವನು ತೂಕಡಿಸುತ್ತಿದ್ದ.

ಬ್ರಹ್ಮಚಾರಿಗಳು ಮನೆ ಬದಲಿಸುವಷ್ಟು ಸಲೀಸಾಗಿ ನಾವು ನೆಟ್‌ವರ್ಕ್ ಬದಲಿಸಿದೆವು. ಶಾಪಿಂಗ್ ನೆಟ್‌ವರ್ಕು, ಪ್ರವಚನದ ನೆಟ್‌ವರ್ಕು, ಹಾಡಿನದು, ಹಳೆಯ ಕೌಬಾಯ್ ಸಿನಿಮಾಗಳದು. ಪ್ರತಿಯೊಬ್ಬರೂ ಬಂದಾಗ ತಮ್ಮ ಹೆಸರಿನ ಕಾಫಿ ಮಗ್ ಕಳಿಸುತ್ತಿದ್ದರು. ಅವರು ಬಿಟ್ಟುಹೋದ ಮೇಲೂ ಮಗ್ ಉಳಿಯುತ್ತಿತ್ತು. ನಮ್ಮ ಮನೆಯಲ್ಲಿ ಇವತ್ತಿಗೂ ಪ್ರವಚನದ ಮಗ್ಗಿನಲ್ಲಿ ಹಲ್ಲುಜ್ಜುವ ಬ್ರಷ್ಷುಗಳಿವೆ.

ಪ್ರವಚನದವರು ಬಿಟ್ಟು ಶಾಪಿಂಗಿನವರು ಬಂದ ದಿನ ನಡೆದದ್ದನ್ನು ಹೇಳಲೇಬೇಕು. ಚಿತ್ರದ ಕೇಬಲನ್ನು ಹೊಸ ಡಿಶ್ಶಿಗೆ ಬದಲಿಸಿದೆ, ಧ್ವನಿಯ ಕೇಬಲನ್ನು ಬದಲಿಸಲು ಮರೆತೆ. ತೆರೆಯ ಮೇಲೆ ಮಖಮಲ್ಲಿನ ಮೇಲಿಟ್ಟ ಬಂಗಾರದ ಬಳೆ ಮೆಲ್ಲಗೆ ತಿರುಗುತ್ತಿದೆ. ಹಿಂದಿನಿಂದ ಗಂಭೀರ ಧ್ವನಿಯೊಂದು, ಹೋಗುವಾಗ ಇದ್ಯಾವುದೂ ನಿಮ್ಮ ಜೊತೆ ಬರುವುದಿಲ್ಲ ಎನ್ನುತ್ತಿದೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಎಷ್ಟು ಪ್ರಾಮಾಣಿಕ ಅಂಗಡಿಯವರು ಎಂದುಕೊಂಡೆ. ಟೋನಿ ಗುಡ್ಡದ ಮೇಲಿಂದ ಫೋನ್ ಮಾಡಿದಾಗ ಅವನಿಗೆ ನಗುವಿನಲ್ಲಿ ಮಾತೇ ಹೊರಡುತ್ತಿರಲಿಲ್ಲ. ನಕ್ಕು ಮುಗಿದ ಮೇಲೆ ಬೈದ. ಟೋನಿ ಬೈದರೆ ಮಳೆ ಬಂದು ನಿಂತ ಹಾಗೆ, ಆಮೇಲೆ ಏನೂ ಉಳಿಯುತ್ತಿರಲಿಲ್ಲ. ಅಂಥವನಿಗೆ ಮೋಸ ಮಾಡುವುದು ಕಷ್ಟವಾಗಬೇಕಿತ್ತು.

ಈಗ ವಿಮಲಕ್ಕನ ವಿಷಯಕ್ಕೆ ಬರುತ್ತೇನೆ.

ವಿಮಲಕ್ಕ ಉಡುಪಿ ಕಡೆಯವರು, ಮನೆಯಲ್ಲಿ ತುಳು ಮಾತಾಡುವವರು. ಫ್ರೀಮಾಂಟಿನ ಒಂದು ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಆಗಿನ್ನೂ ಯಾರೂ ಜಾಹೀರಾತು ಕೊಡದ ಹೊತ್ತಿತ್ತು. ಟೋನಿ ಅದನ್ನು ಅವರಿಗೆ ಪುಕ್ಕಟೆಯಾಗಿ ಕೊಟ್ಟ. ಮಕ್ಕಳನ್ನು ನೋಡಲು ಬಂದ ಅಜ್ಜಿ ತಾತಂದಿರು, ಫ್ರೀವೇ ಹತ್ತಲು ಹೆದರುವ ಅಮ್ಮಂದಿರು ಅರ್ಧ ಗಂಟೆ ಕನ್ನಡ ಕೇಳಲಿ ಎಂದು ವಿಮಲಕ್ಕನ ಆಸೆ. ಒಂದು ಅಡುಗೆ, ಯಾರದೋ ಮಗುವಿನ ಹುಟ್ಟುಹಬ್ಬದ ಸುದ್ದಿ, ಎಲ್ಲಿ ಒಳ್ಳೆಯ ನುಗ್ಗೆಕಾಯಿ ಬಂದಿದೆ ಎಂಬ ಮಾಹಿತಿ. ಕಾರ್ಯಕ್ರಮ ಮುಗಿಯುವ ಮೊದಲು ಅವರದೇ ಒಂದು ಪದ್ಧತಿ. ಮನೆಯಲ್ಲಿ ಬಳಸುವ ಒಂದು ವಸ್ತುವನ್ನು ಕ್ಯಾಮೆರಾ ಮುಂದೆ ಹಿಡಿದು, "ಇದಕ್ಕೆ ನಿಮ್ಮ ಕಡೆ ಎಂತ ಹೇಳ್ತೀರಿ? ಫೋನ್ ಮಾಡಿ," ಎನ್ನುತ್ತಿದ್ದರು. ತರಕಾರಿ ಹೆಚ್ಚುವ ಈಳಿಗೆ ತಂದರೆ ಅವರ ಊರಿನವರು ಮೆಟ್ಟುಗತ್ತಿ ಎನ್ನುವರು, ನಮ್ಮವರು ಈಳಿಗೆಮಣೆ ಎನ್ನುವರು. ಯಾವುದೂ ತಪ್ಪು ಉತ್ತರವಲ್ಲ. ಉತ್ತರ ಕೊಟ್ಟವರ ಹೆಸರು, ಊರು ಓದುವರು, ಅಷ್ಟೇ ಬಹುಮಾನ.

ಫೋನು ಇದ್ದದ್ದು ನನ್ನ ಮೇಜಿನ ಮೇಲೆ. ಎರಡು ಲೈನು, ಕರೆ ಬಂದಾಗ ಗಂಟೆ ಬಾರಿಸುತ್ತದೆ, ಆ ಲೈನಿನ ಕೆಂಪು ದೀಪ ಮಿನುಗುತ್ತದೆ. ನಾನು ಕೇಳಿಕೊಂಡು ಚೀಟಿಯಲ್ಲಿ ದೊಡ್ಡದಾಗಿ ಬರೆದು ಗಾಜಿಗೆ ಒತ್ತಿ ಹಿಡಿಯಬೇಕು, ಆಚೆ ಕಡೆಯಿಂದ ವಿಮಲಕ್ಕ ಓದಬೇಕು. ಭಾನುವಾರ ಟೋನಿ ಇರುತ್ತಿರಲಿಲ್ಲ. ಕ್ಯಾಮೆರಾ, ಧ್ವನಿ, ಜಾಹೀರಾತು, ನೆಟ್‌ವರ್ಕು, ಫೋನು ಎಲ್ಲಕ್ಕೂ ನಾನೊಬ್ಬನೇ.

ಫೋನ್ ಮಾಡುವವರಿಗೆ ಉತ್ತರ ಹೇಳಿ ಇಡುವ ಅಭ್ಯಾಸವಿರಲಿಲ್ಲ. ಅಡುಗೆ ಅರ್ಧ ನೋಡುವಾಗ ಹಾಲು ಉಕ್ಕಿತು, ಮತ್ತೆ ಮೊದಲಿಂದ ತೋರಿಸಿ ಎನ್ನುವವರು. ಆಕೆಗೆ ಆ ಹಸಿರು ಸೀರೆ ಒಪ್ಪುವುದಿಲ್ಲ ಎಂದು ತಿಳಿಸಲು ಹೇಳುವವರು. ನನ್ನ ಮಗ ಆಫೀಸಿಗೆ ಹೋಗಿದ್ದಾನೆ, ಈ ಒಲೆ ಹಚ್ಚುವುದು ಹೇಗೆ ಎಂದು ನನ್ನನ್ನು ಕೇಳುವವರು. ಚಾನೆಲ್ ನಂಬರ್ ಬದಲಾಗುವ ಹಿಂದಿನ ವಾರವಂತೂ, ವಿಮಲಕ್ಕ ತೆರೆಯ ಮೇಲೆ ರಿಮೋಟು ಹಿಡಿದು ಎಲ್ಲಿ ಒತ್ತಬೇಕೆಂದು ತೋರಿಸಿದರೆ, ಅಜ್ಜಿಯೊಬ್ಬರು ಅದೇ ಗುಂಡಿ ಒತ್ತಿ ಕಾರ್ಯಕ್ರಮವನ್ನೇ ಕಳೆದುಕೊಂಡು ಬೈಯಲು ಫೋನ್ ಮಾಡಿದರು.

ಒಂದು ಭಾನುವಾರ ವಿಮಲಕ್ಕ ಸೌಟು ತೋರಿಸಿದರು. ಮೊದಲ ಫೋನು ಉತ್ತರ ಕರ್ನಾಟಕದ ಹೆಂಗಸಿನದು. ಧಾರವಾಡದ ಕಡೆಯ ಶಾಂತವ್ವ, ಮಿಲ್ಪಿಟಾಸಿನಲ್ಲಿ ಮಗಳ ಮನೆಯಲ್ಲಿದ್ದವರು.

"ಅದು ಸೌಟು ಹೆಂಗ ಆಗ್ತದ್ರಿ? ಅದಕ್ಕ ಹುಟ್ಟು ಅಂತಾರ. ಬರಕೋರಿ."

ಬರೆದುಕೊಂಡೆ. ಆದರೆ ಅವರು ಫೋನ್ ಇಡಲಿಲ್ಲ. ನಿಮ್ಮ ಮಾತು ಮೈಸೂರ ಕಡೆದು ಇದ್ದಂಗ ಐತಿ ಎಂದರು. ಹೌದೆಂದೆ. ಅಲ್ಲಿ ಹುಟ್ಟಿಗೆ ಏನಂತಾರೆ, ಮನೆಯಲ್ಲಿ ಯಾರಿದ್ದಾರೆ, ಊಟ ಏನು ಮಾಡಿದಿರಿ ಎಂದರು. ಇನ್ನೂ ಬೆಳಗಿನ ಹೊತ್ತು ಎಂದೆ. ಹಾಗಾದರೆ ತಿಂಡಿ ಏನು ಎಂದರು. ಉಪ್ಪಿಟ್ಟು ಎಂದದ್ದು ತಪ್ಪಾಯಿತು. ಅವರ ಕಡೆ ಉಪ್ಪಿಟ್ಟಿಗೆ ಏನೇನು ಹಾಕುತ್ತಾರೆಂಬುದು ಶುರುವಾಯಿತು.

ಅಷ್ಟರಲ್ಲಿ ಗಾಜಿನ ಆಚೆ ವಿಮಲಕ್ಕ, ಈಗ ಒಂದು ಸಣ್ಣ ವಿರಾಮ ಎಂದು ಕೈಮುಗಿದಿದ್ದರು. ನಾನು ಗುಂಡಿ ಒತ್ತಬೇಕಿತ್ತು. ಒತ್ತಲಿಲ್ಲ. ಜಾಹೀರಾತು ಹೋಗುತ್ತಿದೆ ಎಂದು ನಂಬಿ ಅವರು ಸೆರಗು ಸರಿಮಾಡಿಕೊಂಡರು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಊದಿ ಕುಡಿದರು, ಸೌಟಿನ ಹಿಡಿಯಿಂದ ಬೆನ್ನು ತುರಿಸಿಕೊಂಡರು. ಅದೆಲ್ಲವೂ ಗುಡ್ಡದ ಮೇಲಿನ ಟವರಿನಿಂದ ಊರಿಗೆ ಹೋಯಿತು. ಜಾಹೀರಾತು ಹೋಗದ ಗ್ರೋಸರಿ ಅಂಗಡಿಯವರು ಟೋನಿಗೆ ದೂರು ಕೊಟ್ಟರು. ಟೋನಿ ನನಗೆ ಬೈದು ಮರೆತ. ವಿಮಲಕ್ಕ ಬೈಯಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು, "ಎಂತ ಮಾರಾಯ್ರೆ, ಬೆನ್ನು ತುರಿಸುದೂ ಹೋಯ್ತಾ?" ಎಂದು ಮಾತ್ರ ಕೇಳಿದರು. ನನಗೆ ಬೈಗುಳಕ್ಕಿಂತ ಅದು ನಾಟಿತು.

ಮುಂದಿನ ಭಾನುವಾರ ನಾನು ಫೋನಿನ ಗಂಟೆಯನ್ನು ಬಂದ್ ಮಾಡಿದೆ. ಅವರ ಮಾನ ಉಳಿಸಲು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹಾಯೆನಿಸಿತು. ಜಾಹೀರಾತು ಸರಿಯಾಗಿ ಹೋಯಿತು, ನೆಟ್‌ವರ್ಕಿಗೆ ಸರಿಯಾಗಿ ಸೇರಿಕೊಂಡೆವು. ಮುಂದಿನ ವಾರ ತೆಗೆದರಾಯಿತು ಎಂದುಕೊಂಡೆ. ಮುಂದಿನ ವಾರವೂ ಹಾಗೇ ಎಂದುಕೊಂಡೆ. ಗಂಟೆ ಬಂದ್ ಆದರೂ ಕೆಂಪು ದೀಪ ಬಂದ್ ಆಗುವುದಿಲ್ಲ. ವಿಮಲಕ್ಕ ವಸ್ತುವನ್ನು ಎತ್ತಿ ಹಿಡಿದ ಕೂಡಲೇ ಎರಡೂ ದೀಪ ಮಿನುಗಲು ಶುರುವಾಗುತ್ತಿದ್ದವು. ಒಂದು ಆರಿ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಹೊತ್ತುತ್ತಿತ್ತು. ನಾನು ಅವುಗಳ ಮೇಲೆ ಕಾಗದದ ಲೋಟವೊಂದನ್ನು ಕವುಚಿ ಹಾಕಲು ಕಲಿತೆ.

ವಿಮಲಕ್ಕ ಗಾಜಿನ ಕಡೆ ನೋಡುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ, ಯಾರೂ ಇಲ್ಲ ಎಂದು. ಅವರು ಕ್ಯಾಮೆರಾ ಕಡೆ ತಿರುಗಿ, ನಗು ಕಡಿಮೆ ಮಾಡದೆ, "ಪರವಾಗಿಲ್ಲ, ಎಲ್ಲರೂ ತಿಂಡಿಯಲ್ಲಿ ಇದ್ದಾರೆ ಕಾಣ್ತದೆ. ನಾನೇ ಹೇಳ್ತೇನೆ," ಎನ್ನುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ನನಗೆ ಗೋಳಿಬಜೆ ಕೊಟ್ಟು, ಈ ಸಲದ ವಸ್ತು ಕಷ್ಟವಾಯಿತೇನೋ, ಮುಂದಿನ ವಾರ ಸುಲಭದ್ದು ತರುತ್ತೇನೆ ಎನ್ನುವರು. ಸುಲಭದ್ದು ತಂದರು. ಇನ್ನೂ ಸುಲಭದ್ದು ತಂದರು. ಕೊನೆಗೆ ಒಂದು ವಾರ ಪೊರಕೆ ತಂದರು. ಪೊರಕೆಗೂ ಯಾರೂ ಫೋನ್ ಮಾಡದಿದ್ದಾಗ ಅವರ ಮುಖ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಗೋಳಿಬಜೆಯನ್ನು ನಾನು ಆವತ್ತೂ ತಿಂದೆ.

ಆಗಲೇ ಕೌಬಾಯ್ ನೆಟ್‌ವರ್ಕಿನವರು ಬಂದದ್ದು. ನಮ್ಮಂಥ ಸ್ಟೇಷನ್ನಿಗೆ ಅದು ದೊಡ್ಡ ಸಂಬಂಧ. ಅವರ ಷರತ್ತು, ಭಾನುವಾರ ಬೆಳಿಗ್ಗೆಯೂ ತಮ್ಮ ಸಿನಿಮಾಗಳೇ ಹೋಗಬೇಕು. ಊರಿನ ಕಾರ್ಯಕ್ರಮಕ್ಕೆ ಜನ ಇದ್ದಾರೆಂದು ತೋರಿಸಿದರೆ ಆ ಅರ್ಧ ಗಂಟೆ ಬಿಟ್ಟುಕೊಡಲು ತಯಾರಿದ್ದರು. ಟೋನಿಗೆ ಒಂದು ಪದವೂ ಅರ್ಥವಾಗದಿದ್ದರೂ ವಿಮಲಕ್ಕನ ಕಾರ್ಯಕ್ರಮದ ಮೇಲೆ ಪ್ರೀತಿ. ತನ್ನ ಅಜ್ಜಿ ಪೋರ್ಚುಗೀಸಿನಲ್ಲಿ ಹೀಗೇ ಪಾತ್ರೆ ತೋರಿಸಿ ಮಾತಾಡುತ್ತಿದ್ದಳು ಎನ್ನುತ್ತಿದ್ದ. ಅವನು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು ಕೇಳಿದ, ಕಲ್, ಭಾನುವಾರ ಫೋನು ಹೊಡೆದುಕೊಳ್ಳುತ್ತದೆಯೇ.

ಇಲ್ಲ, ಹೊಡೆದುಕೊಳ್ಳುವುದಿಲ್ಲ, ಎಂದೆ.

ಒಂದಕ್ಷರವೂ ಸುಳ್ಳಲ್ಲ. ಗಂಟೆ ಬಂದ್ ಆಗಿತ್ತಲ್ಲ. ಹೌದು ಎಂದಿದ್ದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಿದ್ದ. ಆಮೇಲೆ ವಿಮಲಕ್ಕನಿಗೂ ಗೊತ್ತಾಗುತ್ತಿತ್ತು. ನನ್ನ ಆ ಮೊದಲ ಸುಳ್ಳನ್ನು ದೇವರು ನಕ್ಕು ಬಿಟ್ಟಿರಬಹುದು. ಈ ನಿಜವನ್ನು ಬಿಡುತ್ತಾನೆಂದು ನನಗೆ ಭರವಸೆ ಇಲ್ಲ.

ಒಪ್ಪಂದ ವಾರದ ನಡುವೆ ಶುರುವಾಗಿದ್ದರಿಂದ ವಿಮಲಕ್ಕನಿಗೆ ಕೊನೆಯ ಕಾರ್ಯಕ್ರಮ ಎಂಬುದೇ ಆಗಲಿಲ್ಲ. ಹಿಂದಿನ ಭಾನುವಾರ ಅವರು ಅಕ್ಕಿ ಕೇರುವ ಗೆರಸೆ ತಂದಿದ್ದರು. ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟು ಊರಿನಿಂದ ತಂದದ್ದು, ಇಲ್ಲಿ ಮನೆ ಹಿಂದಿನ ಪ್ಯಾಟಿಯೋದಲ್ಲಿ ಸಂಡಿಗೆ ಒಣಗಿಸಲು ಬಳಸುತ್ತಿದ್ದರು. ಆ ದಿನ ನಾನೇ ಹೇಳುತ್ತೇನೆ ಎನ್ನದೆ, ಮುಂದಿನ ವಾರದವರೆಗೆ ಕಾಯುತ್ತೇನೆ, ಒಬ್ಬರಾದರೂ ಫೋನ್ ಮಾಡಿ ಎಂದಿದ್ದರು. ಮುಂದಿನ ವಾರ ಆ ಹೊತ್ತಿಗೆ ತೆರೆಯ ಮೇಲೆ ಕುದುರೆಗಳು ಓಡುತ್ತಿದ್ದವು. ವಿಮಲಕ್ಕ ಗೆರಸೆ ತೆಗೆದುಕೊಂಡು ಹೋಗಲು ಬಂದಾಗ, ನೀವು ಚಂದ ನೋಡಿಕೊಂಡಿರಿ ಎಂದು ನನಗೆ ಕೃತಜ್ಞತೆ ಹೇಳಿದರು. ಆಮೇಲೆ, "ಇಷ್ಟು ದಿನ ನಾನು ಗೋಡೆಗೆ ಮಾತಾಡಿದ್ದಾ ಸಾಹೇಬ್ರೆ?" ಎಂದು ನಕ್ಕರು. ನಾನೂ ನಕ್ಕೆ. ಗೆರಸೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಡಲು ಸಹಾಯ ಮಾಡಿದೆ.

ಕೌಬಾಯ್‌ಗಳು ಹೆಚ್ಚು ಕಾಲ ನಿಲ್ಲಲಿಲ್ಲ. ಶಕ್ತಿಯುಳ್ಳ ಸ್ಟೇಷನ್ನೊಂದು ಕರೆದ ಕೂಡಲೇ ಕುದುರೆಗಳ ಸಮೇತ ಹೋದರು, ಮಗ್ಗುಗಳನ್ನು ಬಿಟ್ಟು. ವಿಮಲಕ್ಕನನ್ನು ಮತ್ತೆ ಕರೆಯೋಣ ಎಂದು ಟೋನಿ ಫೋನ್ ಮಾಡಿದ. ನೋಡುವವರಿಲ್ಲದ ಮೇಲೆ ಯಾಕೆ ತೊಂದರೆ ಎಂದು ಅವರು ಒಪ್ಪಲಿಲ್ಲ. ಆಗಲಾದರೂ ನಾನು ಹೇಳಬಹುದಿತ್ತು. ಮೊದಲು ಹೇಳದೆ ಇದ್ದವನಿಗೆ ಆಮೇಲೆ ಹೇಳುವುದು ಇನ್ನೂ ಕಷ್ಟ.

ಜಾಹೀರಾತಿನ ಕ್ಯಾಸೆಟ್ಟುಗಳು ಹೋಗಿ ಕಂಪ್ಯೂಟರು ಬಂತು. ಟೋನಿಗೆ ಮೊಣಕಾಲು ಕೈಕೊಟ್ಟು ಗುಡ್ಡ ಹತ್ತಲಾಗದೆ ಸ್ಟೇಷನ್ ಮಾರಿದ. ಕೊಂಡವರು ಬೇರೆ ರಾಜ್ಯದಲ್ಲಿ ಕುಳಿತು ಅಲ್ಲಿಂದಲೇ ಗುಂಡಿ ಒತ್ತುತ್ತೇವೆ ಎಂದರು. ನಾನು ನಿವೃತ್ತನಾದೆ. ಬಿಡುವಾದ ಮನುಷ್ಯನಿಗೆ ನೆನಪು ಹೆಚ್ಚು. ನಮಾಜಿಗೆ ಕುಳಿತಾಗ ಕೂಡ ಕಣ್ಣು ಮುಚ್ಚಿದರೆ ಕಾಗದದ ಲೋಟದ ಅಂಚಿನಿಂದ ಕೆಂಪು ಬೆಳಕು ಕಾಣುತ್ತಿತ್ತು. ಕ್ಷಮೆಯನ್ನು ಮೇಲಿನವನ ಹತ್ತಿರ ಕೇಳುವ ಮುಂಚೆ ಯಾರಿಗೆ ಅನ್ಯಾಯ ಮಾಡಿದೆವೋ ಅವರ ಹತ್ತಿರ ಕೇಳಬೇಕು ಎಂದು ಮನೆಯಲ್ಲಿ ಹಿರಿಯರು ಕಲಿಸಿದ್ದರು. ಕೊನೆಗೆ ಹೆಂಡತಿಯೇ, ಸುಮ್ಮನೆ ನಿಟ್ಟುಸಿರು ಬಿಡುತ್ತ ಓಡಾಡುವ ಬದಲು ಹೋಗಿ ಬನ್ನಿ ಎಂದು ಗದರಿ ಕಳಿಸಿದಳು.

ವಿಮಲಕ್ಕ ಈಗ ಫಾಸ್ಟರ್ ಸಿಟಿಯಲ್ಲಿ ಮಗಳ ಜೊತೆ ಇದ್ದಾರೆ. ಮನೆಯ ಹಿಂದೆಯೇ ನೀರು, ಬಾತುಕೋಳಿಗಳು. ಕೂದಲು ಪೂರ್ತಿ ಬಿಳಿಯಾಗಿತ್ತು, ಮಾತು ಹಾಗೇ ಇತ್ತು. ಚಹಾ ಮುಗಿಯುವ ಮುಂಚೆ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಗಂಟೆ, ದೀಪ, ಲೋಟ, ಟೋನಿಗೆ ಹೇಳಿದ ಮಾತು. ಅವರು ನೀರನ್ನೇ ನೋಡುತ್ತ ಕುಳಿತಿದ್ದರು.

"ಪೊರಕೆಯ ದಿವಸವೂ ಫೋನ್ ಬಂದಿತ್ತಾ?"

"ಬಂದಿತ್ತು ಅಕ್ಕ. ದೀಪ ಆರಲೇ ಇಲ್ಲ."

"ಎರಡೂ?"

"ಎರಡೂ."

ಅವರು ಎದ್ದು ಒಳಗೆ ಹೋದರು. ಇನ್ನು ಹೊರಡಬೇಕು ಎಂದುಕೊಂಡು ನಾನು ಚಪ್ಪಲಿ ಹುಡುಕತೊಡಗಿದೆ. ಅವರು ವಾಪಸ್ಸು ಬಂದಾಗ ಕೈಯಲ್ಲಿ ಆ ಗೆರಸೆ ಇತ್ತು, ಅಂಚಿನಲ್ಲಿ ಎರಡು ಕಡೆ ಬಟ್ಟೆ ಸುತ್ತಿ ಹೊಲಿದಿದ್ದರು.

"ನಿಮ್ಮ ಮೇಲೆ ಸಿಟ್ಟು ಉಂಟು," ಎಂದರು. "ಇಷ್ಟು ವರ್ಷ ನಾನು ನನ್ನ ಮೇಲೇ ಮಾಡಿಕೊಂಡಿದ್ದೆ, ಇನ್ನು ನಿಮ್ಮ ಮೇಲೆ ಮಾಡ್ತೇನೆ. ಆದರೆ ಇದರ ಉತ್ತರ ಬಾಕಿ ಉಂಟಲ್ಲ ಸಾಹೇಬ್ರೆ. ನನಗೆ ಹೇಳಿದ್ದನ್ನು ಅವರಿಗೂ ಹೇಳಿ."

ಅವರು ಎಂದರೆ ಕನ್ನಡ ಕೂಟದ ಯುಗಾದಿ ಊಟಕ್ಕೆ ಬಂದವರು. ಒಂದು ಶಾಲೆಯ ಕೆಫೆಟೇರಿಯಾದಲ್ಲಿ ಊಟ. ಚಿಕ್ಕ ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡುತ್ತ ಓಡುತ್ತಿದ್ದರು, ದೊಡ್ಡವರು ತಟ್ಟೆ ಹಿಡಿದು ಸಾಲಿನಲ್ಲಿದ್ದರು. ವಿಮಲಕ್ಕ ಗೆರಸೆ ಹಿಡಿದು ಮೈಕಿನ ಪಕ್ಕ ನಿಂತು ನನ್ನನ್ನು ಕರೆದರು. ನಾನು ಬದುಕಿಡೀ ಮೈಕಿನ ಈಚೆ ಇದ್ದವನು. ಇವರ ಕಾರ್ಯಕ್ರಮಕ್ಕೆ ಫೋನ್ ಮಾಡಿದವರು ಯಾರಾದರೂ ಇಲ್ಲಿದ್ದರೆ ಕ್ಷಮಿಸಬೇಕು, ಎತ್ತದೆ ಇದ್ದವನು ನಾನು, ಗಂಟೆ ಬಂದ್ ಮಾಡಿದ್ದೆ ಎಂದೆ.

ಸಾಲಿನಲ್ಲಿ ಅಲ್ಲಲ್ಲಿ ತಲೆಗಳು ತಿರುಗಿದವು. ಅಯ್ಯೋ, ನಾವೂ ಮಾಡಿದ್ದೆವು ಎಂದು ಯಾರೋ ಅಂದರು. ನಮ್ಮ ಅತ್ತೆ ಪ್ರತಿ ವಾರ ಮಾಡುತ್ತಿದ್ದರು ಎಂದು ಇನ್ನೊಬ್ಬರು. ಪಾಯಸದ ಹತ್ತಿರದಿಂದ ಇಳಕಲ್ ಸೀರೆಯ ಒಬ್ಬ ಅಜ್ಜಿ ತಟ್ಟೆ ಸಮೇತ ಮುಂದೆ ಬಂದರು. ಬಾಯಿ ತೆರೆದ ಕೂಡಲೇ ನನಗೆ ಗುರುತಾಯಿತು. ಶಾಂತವ್ವ. ಹುಟ್ಟು, ಉಪ್ಪಿಟ್ಟು, ಎಲ್ಲ ನೆನಪಾಯಿತು.

"ಫೋನ್ ಎತ್ತಲಿಲ್ಲೇನ್ರಿ ನೀವು?" ಎಂದರು. "ನಾವೇನ್ ತಿಳಕೊಂಡಿದ್ವಿ ಗೊತ್ತೇನು? ಎಷ್ಟ ಮಂದಿ ಮಾಡ್ತಾರೋ ಏನೋ, ನಮ್ಮ ಪಾಳಿನೇ ಬರವಲ್ದು ಅಂತ. ಕಾರ್ಯಕ್ರಮ ನಿಂತ ಮ್ಯಾಲೆ, ಆಕಿನ್ನ ದೊಡ್ಡ ಟಿವಿಯವರು ಕರಕೊಂಡ ಹೋಗ್ಯಾರ ಅಂತ ಮಗಳಿಗೆ ಹೇಳಿದೆ. ಎಲ್ಲಾ ಚಾನೆಲ್ ಹುಡಕಿದ್ವಿ, ಈಕಿ ಎಲ್ಲೂ ಸಿಗಲಿಲ್ಲ."

ವಿಮಲಕ್ಕ ಗೆರಸೆಯನ್ನು ಎದೆಗೆ ಒತ್ತಿಕೊಂಡಿದ್ದರು. ಆಮೇಲೆ ಅದನ್ನು ಮೆಲ್ಲಗೆ ಎತ್ತಿ, ಕ್ಯಾಮೆರಾ ಮುಂದೆ ಹಿಡಿಯುತ್ತಿದ್ದ ಹಾಗೇ ಸ್ವಲ್ಪ ಓರೆಯಾಗಿ ಹಿಡಿದು, ಕೇಳುವುದನ್ನು ಕೇಳಿದರು.

"ಇದಕ್ಕೆ ನಿಮ್ಮ ಕಡೆ ಎಂತ ಹೇಳ್ತೀರಿ?"

ಶಾಂತವ್ವ ಮರ ಎಂದರು. ಸಾಲಿನಿಂದ ಯಾರೋ ಮೊರ ಎಂದರು. ಗೆರ್ಸಿ ಎಂದು ಕುಂದಾಪುರದವರು. ತಡ್ಪೆ ಎಂದು ತುಳುವಿನಲ್ಲಿ ಕೂಗಿದವರನ್ನು ಕೇಳಿ ವಿಮಲಕ್ಕ ಅಲ್ಲೇ ಅತ್ತರು, ನಗುತ್ತಲೇ ಅತ್ತರು. ಪಾಯಸದ ಸಾಲು ನಿಂತೇ ಹೋಯಿತು, ಬಡಿಸುವವರು ಬೈದರು.

ಆಮೇಲೆ ವಿಮಲಕ್ಕ ಮೈಕು ತೆಗೆದುಕೊಂಡು ನನ್ನ ಶಿಕ್ಷೆ ಘೋಷಿಸಿದರು. ಇನ್ನು ಮೇಲೆ ಕೂಟದ ತಿಂಗಳ ಊಟಕ್ಕೆ ಬಂದಾಗಲೆಲ್ಲ ಒಂದು ವಸ್ತು ತೋರಿಸುತ್ತಾರಂತೆ. ಉತ್ತರ ಗೊತ್ತಿದ್ದವರು ಭಾನುವಾರ ಬೆಳಿಗ್ಗೆ ಖಲೀಲ್ ಸಾಹೇಬರ ಮೊಬೈಲಿಗೆ ಫೋನ್ ಮಾಡಬೇಕು, ಸಾಹೇಬರು ಎತ್ತಲೇಬೇಕು. ನನ್ನ ನಂಬರನ್ನು ಅಷ್ಟು ಜನರ ಮುಂದೆ ನಿಧಾನವಾಗಿ, ಒಂದೊಂದೇ ಅಂಕಿಯಾಗಿ ಓದಿದರು.

ಹೊಸದಾಗಿ ಈ ಕೆಲಸಕ್ಕೆ ಬರುವ ಮಕ್ಕಳೇ, ನಿಮ್ಮ ಯಂತ್ರಗಳು ಬೇರೆ, ನಿಮ್ಮಲ್ಲಿ ನೋಡುವವರ ಲೆಕ್ಕ ತಾನಾಗಿಯೇ ತೆರೆಯ ಮೇಲೆ ಬರುತ್ತದೆಯಂತೆ. ಒಳ್ಳೆಯದು. ಆದರೂ ಎಲ್ಲೋ ಒಂದು ದೀಪ ಮಿನುಗುತ್ತಿದ್ದರೆ ಅದರ ಮೇಲೆ ಲೋಟ ಮುಚ್ಚಬೇಡಿ. ಆಚೆ ಕಡೆ ಮಾತಾಡುವವರಿಗೆ ಯಾರಿದ್ದಾರೆಂದು ತಿಳಿಸುವವರು ನೀವೊಬ್ಬರೇ ಆಗಿರಬಹುದು.

ಈ ಭಾನುವಾರ ಬೆಳಿಗ್ಗೆ ಮೊದಲು ಬಂದದ್ದು ಶಾಂತವ್ವನ ಫೋನು. ಉತ್ತರ ಹೇಳಿ ಮುಗಿಸಿದರು, ಇಡಲಿಲ್ಲ. ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಎಂದರು, ತಿಂಡಿ ಏನು ಎಂದರು. ಉಪ್ಪಿಟ್ಟು ಎಂದೆ, ಬೇಕೆಂದೇ. ಆಮೇಲೆ ಕುರ್ಚಿಗೆ ಒರಗಿ ಕುಳಿತೆ. ನಾನು ಒತ್ತಬೇಕಾದ ಗುಂಡಿ ಯಾವುದೂ ಇರಲಿಲ್ಲ.